ಹಳೆಯ ವಾಹನಗಳ ಹೆಡ್‌ಲೈಟ್ ಬದಲಾವಣೆ: ತಂತ್ರ, ಕಾನೂನು ಮತ್ತು ಲೆಕ್ಕ

ಚಿಂತಾಮಣಿಯಿಂದ ಕೈವಾರ ಕ್ರಾಸ್ ಮಾರ್ಗವಾಗಿ ಹೊಸಕೋಟೆ, ಬೆಂಗಳೂರುಗಳ ಕಡೆಗೆ ಸಾಗುವ ರಸ್ತೆಯಲ್ಲಿ ಸರಕು ಸಾಗಣೆಯ ಬಹುಪಾಲು ಕೆಲಸ ನಡೆಯುವುದು ರಾತ್ರಿಯಲ್ಲಿ. ಟೊಮೆಟೊ, ಸೊಪ್ಪು, ಹೂವು ಮುಂತಾದ ಪದಾರ್ಥಗಳು ಬೆಳಕು ಹರಿಯುವ ಮುನ್ನವೇ ಮಾರುಕಟ್ಟೆ ಸೇರಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿಗೂ ಕಾಯುವ ವ್ಯವಧಾನವಿಲ್ಲ. ಈ ಸಾಗಣೆಯಲ್ಲಿ ತೊಡಗಿರುವ ಲಾರಿ, ಜೀಪು, ಟೆಂಪೊಗಳಲ್ಲಿ ಹಳೆಯವೂ ಸಾಕಷ್ಟಿವೆ. ಅವುಗಳ ಮಾಲೀಕರು ವಿದ್ಯುತ್ ರಿಪೇರಿ ಅಂಗಡಿಗಳ ಮುಂದೆ ಇಡುವ ಬೇಡಿಕೆ ಸಾಮಾನ್ಯವಾಗಿ ಒಂದೇ: 'ಬೆಳಕು ಸಾಲುತ್ತಿಲ್ಲ, ಜಾಸ್ತಿ ಮಾಡಿಕೊಡಿ.' ಮತ್ತೊಂದೆಡೆ, ಹಳೆಯ ಅಂಬಾಸಿಡರ್, ಫಿಯಟ್, ವಿಲ್ಲೀಸ್ ಜೀಪುಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವ ಗ್ರಾಹಕರ ವರ್ಗವೊಂದಿದೆ. ಅವರಿಗೆ ಬೆಳಕೂ ಬೇಕು, ಹಳೆಯ ಅಂದವೂ ಕೆಡಬಾರದು.

ಈ ಎರಡೂ ಬೇಡಿಕೆಗಳಿಂದ ಬಿಡಿಭಾಗ ವರ್ತಕರಿಗೆ, ಜೋಡಣೆ ಅಂಗಡಿಗಳಿಗೆ ಹಾಗೂ ರಿಮ್, ಬ್ರಾಕೆಟ್, ರಿಫ್ಲೆಕ್ಟರ್ ತಯಾರಿಸುವ ಸಣ್ಣ ಘಟಕಗಳಿಗೆ ಕೆಲಸವಿದೆ. ಆದರೆ ಹೆಡ್‌ಲೈಟು ಅಲಂಕಾರದ ವಸ್ತುವಲ್ಲ. ಎದುರಿನಿಂದ ಬರುವ ದ್ವಿಚಕ್ರ ಸವಾರನ ಕಣ್ಣು ಕತ್ತಲಿಟ್ಟರೆ ಹೋಗುವುದು ಜೀವ. ಅದರ ಹೊಣೆ ವಾಹನದ ಮಾಲೀಕನಲ್ಲಿಗೆ ನಿಲ್ಲದೆ, ಮಾರಿದವನ ಹಾಗೂ ಜೋಡಿಸಿದವನ ಬಾಗಿಲಿಗೂ ಬರುವ ಕಾಲವಿದು. ಆದ್ದರಿಂದ ಈ ವ್ಯವಹಾರವನ್ನು ತಂತ್ರ, ಕಾನೂನು ಮತ್ತು ಲೆಕ್ಕ ಎಂಬ ಮೂರು ದೃಷ್ಟಿಗಳಿಂದ ಪರಿಶೀಲಿಸುವುದು ಅಗತ್ಯ.

ಮಾರುಕಟ್ಟೆಯ ಹಿನ್ನೆಲೆ

ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಸ್ಥಾಪನೆಯಾಗಬೇಕೆಂದು 1930ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿ ಶ್ರಮಿಸಿದವರು ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಮುಂದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. 1954ರಿಂದ ಟಾಟಾ-ಮರ್ಸಿಡಿಸ್ ಬೆಂಜ್ ಲಾರಿಗಳು ತಯಾರಾಗತೊಡಗಿದವು. ಹಿಂದೂಸ್ಥಾನ್ ಮೋಟಾರ್ಸ್‌ನ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು; ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತುಹೋಗಿತ್ತು. ಕಾರ್ಖಾನೆ ನಿಂತರೂ ವಾಹನಗಳು ಉಳಿಯುತ್ತವೆ. ಮೂಲ ತಯಾರಕರಿಂದ ಬಿಡಿಭಾಗ ಬರುವುದು ನಿಂತಾಗ ಆ ಸ್ಥಾನವನ್ನು ತುಂಬುವವರು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಯ ವರ್ತಕರು ಮತ್ತು ಊರೂರಿನ ಸಣ್ಣ ಘಟಕಗಳು. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಹಳೆಯ ಕಾರುಗಳ ದೀಪಗಳಲ್ಲಿ ಎಷ್ಟು ಬಗೆಗಳಿವೆ ಎಂಬುದು ಮನದಟ್ಟಾಗುತ್ತದೆ.

ಈ ವ್ಯವಹಾರಕ್ಕೆ ಅನುಕೂಲವಾದ ಅಂಶವೊಂದಿದೆ. 1940ರಲ್ಲಿ ಅಮೆರಿಕದಲ್ಲಿ ಏಳು ಅಂಗುಲ ವ್ಯಾಸದ ದುಂಡು ಸೀಲ್ಡ್ ಬೀಮ್ ದೀಪ ಬಳಕೆಗೆ ಬಂದ ಬಳಿಕ ಆ ಅಳತೆಯು ಜಗತ್ತಿನ ಹಲವೆಡೆ ರೂಢಿಗೆ ಬಂದಿತು. ಜೀಪು, ಅಂಬಾಸಿಡರ್ ಮುಂತಾದ ನಮ್ಮ ಹಳೆಯ ವಾಹನಗಳಲ್ಲಿ ಬಹುಪಾಲು ಇದೇ ಅಳತೆಯವು. ಹೀಗಾಗಿ ಒಂದೇ ಅಳತೆಯ ದಾಸ್ತಾನು ಹಲವು ವಾಹನಗಳಿಗೆ ಒದಗುತ್ತದೆ.

ತಂತ್ರ: ಬಲ್ಬಿಗಿಂತ ಮೊದಲು ತಂತಿ

ಬೆಳಕು ಮಂಕಾಗಿದೆ ಎಂದೊಡನೆ ಹೆಚ್ಚಿನ ವ್ಯಾಟಿನ ಬಲ್ಬು ಹಾಕುವುದು ವಾಡಿಕೆ. ಇದು ಅನೇಕ ಸಂದರ್ಭಗಳಲ್ಲಿ ತಪ್ಪು ಚಿಕಿತ್ಸೆ. ಹಳೆಯ ವಾಹನದಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಹೊರಟು ಸ್ವಿಚ್ಚು, ಡಿಮ್ಮರ್, ಹಳೆಯ ತಂತಿ, ತುಕ್ಕು ಹಿಡಿದ ಅರ್ಥಿಂಗ್ ಇವೆಲ್ಲವನ್ನೂ ದಾಟಿ ಬಲ್ಬನ್ನು ಸೇರಬೇಕು. ದಾರಿಯಲ್ಲಿ ವೋಲ್ಟೇಜು ಕುಸಿಯುತ್ತದೆ. ತಂತುವಿನ ಬಲ್ಬಿನ ಗುಣವೆಂದರೆ, ವೋಲ್ಟೇಜು ಶೇಕಡ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಫ್ಯೂಸ್ ಹಾಗೂ ರಿಲೇ ಅಳವಡಿಸಿ, ಅರ್ಥಿಂಗ್ ಶುಚಿಗೊಳಿಸಿದರೆ ಅದೇ ಬಲ್ಬು ಕಳೆದುಕೊಂಡ ಬೆಳಕನ್ನು ಮರಳಿ ಕೊಡುತ್ತದೆ. ವಾಹನದ ಹೊರನೋಟ ಬದಲಾಗುವುದಿಲ್ಲ. ಗ್ರಾಹಕನಿಗೂ ಖರ್ಚು ಕಡಿಮೆ.

ಹೆಚ್ಚಿನ ವ್ಯಾಟಿನ ಬಲ್ಬಿನ ಲೆಕ್ಕವನ್ನು ನೋಡಬಹುದು. 12 ವೋಲ್ಟಿನ ವ್ಯವಸ್ಥೆಯಲ್ಲಿ 60 ವ್ಯಾಟಿನ ಎರಡು ಬಲ್ಬುಗಳು ಒಟ್ಟು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನ ಎರಡು ಬಲ್ಬುಗಳು ಸುಮಾರು 16.7 ಆಂಪಿಯರ್ ಎಳೆಯುತ್ತವೆ. ಹಳೆಯ ಕಾರುಗಳ ಡೈನಮೊ ಪೂರ್ಣ ವೇಗದಲ್ಲಿ ಕೊಡುವುದೇ ಸುಮಾರು 20 ಆಂಪಿಯರ್. ಉಳಿದ ಮೂರು ಚಿಲ್ಲರೆ ಆಂಪಿಯರಿನಲ್ಲಿ ಇಗ್ನಿಷನ್, ಹಿಂದಿನ ದೀಪ, ವೈಪರ್ ಎಲ್ಲವೂ ನಡೆಯಬೇಕು. ಎಂಜಿನ್ ನಿಧಾನಗತಿಯಲ್ಲಿರುವಾಗ ಡೈನಮೊದಿಂದ ಬರುವುದು ಅತ್ಯಲ್ಪ. ಪರಿಣಾಮವಾಗಿ ಬ್ಯಾಟರಿ ಬರಿದಾಗುತ್ತದೆ, ಸ್ವಿಚ್ಚು ಕರಗುತ್ತದೆ, ಹಳೆಯ ಬಟ್ಟೆಹೊದಿಕೆಯ ತಂತಿಗೆ ಬೆಂಕಿ ತಗಲುವ ಸಂಭವವೂ ಉಂಟು. ವ್ಯವಸ್ಥೆ 6 ವೋಲ್ಟಿನದೋ, 12 ವೋಲ್ಟಿನದೋ, ಲಾರಿಗಳಲ್ಲಿರುವಂತೆ 24 ವೋಲ್ಟಿನದೋ ಎಂಬುದನ್ನು ಮೊದಲು ಅಳೆದು ನೋಡಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಅರ್ಥ್ ಮಾಡಿರುವುದುಂಟು. ಅಂತಹ ಕಡೆ ತಂತುವಿನ ಬಲ್ಬು ಉರಿದರೂ ಎಲ್‌ಇಡಿ ಉರಿಯದು.

ಬಲ್ಬು ಮತ್ತು ರಿಫ್ಲೆಕ್ಟರಿನ ಹೊಂದಾಣಿಕೆ

ಮೆಕ್ಯಾನಿಕರು ವಾಡಿಕೆಯಲ್ಲಿ 'ಡೂಮ್' ಎನ್ನುವ ದೀಪದ ಘಟಕದಲ್ಲಿ ಗಾಜು, ರಿಫ್ಲೆಕ್ಟರ್ ಮತ್ತು ಬಲ್ಬು ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವು. 1971ರಲ್ಲಿ ಬಂದ ಎಚ್4 ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತುಗಳಿವೆ. ಲೋಬೀಮಿನ ತಂತುವಿನ ಕೆಳಗೆ ಚಿಕ್ಕದೊಂದು ಲೋಹದ ಬಟ್ಟಲಿರುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲ್ಭಾಗಕ್ಕೆ ಮಾತ್ರ ಬಿದ್ದು ರಸ್ತೆಯ ಕಡೆಗೆ ಇಳಿಯಬೇಕೆಂಬುದು ಅದರ ಉದ್ದೇಶ. ಅದೇ ಜಾಗದಲ್ಲಿ ಬೆಳಕಿನ ಮೂಲವು ಬೇರೆ ಗಾತ್ರದಲ್ಲಿ, ಬೇರೆ ಸ್ಥಾನದಲ್ಲಿ ಇರುವ ಅಗ್ಗದ ಎಲ್‌ಇಡಿ ಅಥವಾ ಎಚ್‌ಐಡಿ ಬಲ್ಬನ್ನು ತುರುಕಿದರೆ ಈ ಲೆಕ್ಕವೆಲ್ಲ ಕೆಟ್ಟು, ಬೆಳಕು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಚಾಲಕನಿಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುವುದರಿಂದ ಬೆಳಕು ಹೆಚ್ಚಿದಂತೆ ಭಾಸವಾಗುತ್ತದೆ. ದೂರದ ನೋಟ ಹೆಚ್ಚಿರುವುದಿಲ್ಲ.

ಕೈವಾರದ ಯೋಗಿ ನಾರೇಯಣ ಯತೀಂದ್ರರು ಪೂರ್ವಾಶ್ರಮದಲ್ಲಿ ಬಳೆ ವ್ಯಾಪಾರ ಮಾಡುತ್ತಿದ್ದರೆಂದು ಈ ಭಾಗದ ಜನರೆಲ್ಲ ಬಲ್ಲರು. ಕೈಯ ಅಳತೆ ನೋಡದೆ ಬಳೆ ತೊಡಿಸಿದರೆ ಬಳೆಯೂ ಒಡೆಯುತ್ತದೆ, ಕೈಯೂ ನೋಯುತ್ತದೆ. ಬಲ್ಬಿಗೂ ರಿಫ್ಲೆಕ್ಟರಿಗೂ ಇರುವ ಸಂಬಂಧ ಅದೇ ಬಗೆಯದು.

ಖರೀದಿಯಲ್ಲಿ ವರ್ತಕರು ಗಮನಿಸಬೇಕಾದ ಇನ್ನೊಂದು ಸಂಗತಿ ಗಾಜಿನದು. ಗಾಜಿನ ಒಳಮೈಯ ಗೆರೆಗಳು ಬೆಳಕನ್ನು ರಸ್ತೆಯ ಒಂದು ಬದಿಗೆ ಸ್ವಲ್ಪ ಎತ್ತಿ ಹಾಯಿಸುತ್ತವೆ. ಎಡಬದಿಯ ಸಂಚಾರವಿರುವ ನಮ್ಮಲ್ಲಿ ಬೆಳಕು ಎಡಕ್ಕೆ ಏರಬೇಕು. ಬಲಬದಿಯ ಸಂಚಾರವಿರುವ ದೇಶಗಳಿಗೆ ತಯಾರಾದ ಗಾಜು ಬಲಕ್ಕೆ ಏರಿಸಿ, ನೇರವಾಗಿ ಎದುರು ವಾಹನದ ಚಾಲಕನ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಇಂತಹ ಮಾಲನ್ನು ಕೊಂಡವರಿಗೆ ಅದನ್ನು ಮಾರುವ ಪ್ರಶ್ನೆಯೇ ಬರಬಾರದು. ಗೋಡೆಯ ಮೇಲೆ ಲೋಬೀಮ್ ಬೆಳಗಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ರಿಫ್ಲೆಕ್ಟರಿಗೆ ಮರುಲೇಪನ ಮಾಡುವ ಘಟಕಗಳಿಗೂ ಒಂದು ಮಾತು. ಬೆಳ್ಳಿಯ ಲೇಪನ ಬೆಳಕಿನ ಸುಮಾರು ಶೇಕಡ 95ರಷ್ಟನ್ನೂ ನಿರ್ವಾತದಲ್ಲಿ ಮಾಡಿದ ಅಲ್ಯೂಮಿನಿಯಂ ಲೇಪನ ಸುಮಾರು ಶೇಕಡ 90ರಷ್ಟನ್ನೂ ಪ್ರತಿಫಲಿಸುತ್ತವೆ. ಕಣ್ಣಿಗೆ ಮಿರಮಿರ ಮಿಂಚುವ ಕ್ರೋಮ್ ಪ್ರತಿಫಲಿಸುವುದು ಶೇಕಡ 65ರ ಆಸುಪಾಸು ಮಾತ್ರ. ಆದ್ದರಿಂದ ಹೊರಗಿನ ರಿಮ್ಮಿಗೆ ಕ್ರೋಮ್ ಯೋಗ್ಯವೇ ಹೊರತು ಒಳಗಿನ ರಿಫ್ಲೆಕ್ಟರಿಗಲ್ಲ. ಕ್ರೋಮ್ ಲೇಪನದ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅಗತ್ಯವೆಂಬುದನ್ನೂ ಮರೆಯಬಾರದು.

ಕೊನೆಯದು ಕೋನದ ಹೊಂದಾಣಿಕೆ. ಸಮತಟ್ಟಾದ ನೆಲದಲ್ಲಿ ವಾಹನವನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಲೋಬೀಮಿನ ಮೇಲಂಚು ದೀಪದ ಮಧ್ಯಬಿಂದುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ಹೊಂದಿಸಿದರೆ ಶೇಕಡ ಒಂದರ ಇಳಿಜಾರು ದೊರೆಯುತ್ತದೆ. ಹಿಂಬದಿಗೆ ಭಾರ ಬಿದ್ದಾಗ ಲಾರಿಯ ಮೂತಿ ಮೇಲೇಳುವುದರಿಂದ, ಹೊರೆ ಹೇರಿದ ಸ್ಥಿತಿಯಲ್ಲಿಯೂ ಒಮ್ಮೆ ಪರೀಕ್ಷಿಸುವುದು ಒಳಿತು.

ಕಾನೂನಿನ ಚೌಕಟ್ಟು

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸುವಂತಿಲ್ಲ. ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಪ್ರಕರಣವು ವರ್ತಕರು ಓದಿಕೊಳ್ಳಲೇಬೇಕಾದುದು. ಅನುಮತಿಯಿಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ ಎರಡೂ ಆಗಬಹುದು. ಕೇಂದ್ರ ಸರ್ಕಾರವು ನಿರ್ಣಾಯಕ ಸುರಕ್ಷತಾ ಭಾಗವೆಂದು ಅಧಿಸೂಚಿಸಿದ ಬಿಡಿಭಾಗವು ನಿಯಮಕ್ಕೆ ಹೊಂದದಿದ್ದರೂ ಅದನ್ನು ಮಾರಿದವನಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ ಅಥವಾ ಎರಡೂ ಆಗಬಹುದು. ಮಾಲೀಕನಿಗಿಂತ ಮಾರಾಟಗಾರನ ದಂಡ ಎಷ್ಟೋ ಪಟ್ಟು ದೊಡ್ಡದು ಎಂಬುದನ್ನು ಗಮನಿಸಬೇಕು.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 106ನೆಯ ನಿಯಮವು ಕಣ್ಣು ಕೋರೈಸುವುದನ್ನು ಅಳತೆಯಲ್ಲಿಯೇ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕೋರೈಸಬಾರದು. ಅಂಗಡಿಯ ಅಂಗಳದಲ್ಲಿ ಟೇಪು ಹಿಡಿದು ಯಾರಾದರೂ ಪರೀಕ್ಷಿಸಬಹುದಾದ ಅಳತೆಯಿದು. ಸ್ಪಾಟ್ ಲೈಟುಗಳ ಬಳಕೆಯನ್ನು 111ನೆಯ ನಿಯಮ ನಿಷೇಧಿಸುತ್ತದೆ. ಕರ್ನಾಟಕದಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಿಂದ ಪೊಲೀಸರು ರಾಜ್ಯವ್ಯಾಪಿ ಕಾರ್ಯಾಚರಣೆ ನಡೆಸಿ ಪ್ರಕರಣಗಳನ್ನು ದಾಖಲಿಸಿದರು.

ವಿಂಟೇಜ್ ವಾಹನಗಳಿಗೆ 2021ರ ಜುಲೈನಲ್ಲಿ ಪ್ರತ್ಯೇಕ ನೋಂದಣಿ ನಿಯಮಗಳು ಬಂದಿವೆ. 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ, ಸ್ವಂತ ಬಳಕೆಯ ದ್ವಿಚಕ್ರ ವಾಹನಗಳು ಮತ್ತು ಕಾರುಗಳಿಗೆ ಇವು ಅನ್ವಯ. ಹೊಸ ನೋಂದಣಿಗೆ 20,000 ರೂ. ಮತ್ತು ಮರುನೋಂದಣಿಗೆ 5,000 ರೂ. ಶುಲ್ಕ ನಿಗದಿಯಾಯಿತು. ಚಾಸಿ, ಬಾಡಿ ಅಥವಾ ಎಂಜಿನ್ನಿನ ಗಣನೀಯ ಬದಲಾವಣೆಯಾಗಿದ್ದರೆ ಈ ಮಾನ್ಯತೆ ದೊರೆಯದು. ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಹಳೆಯ ಲಾರಿಗಳು ಈ ವರ್ಗಕ್ಕೆ ಸೇರುವುದಿಲ್ಲ. ದುಡಿಯುವ ಲಾರಿಯು ಎಷ್ಟೇ ಹಳೆಯದಾದರೂ ಅರ್ಹತಾ ಪತ್ರಕ್ಕಾಗಿ ತಪಾಸಣೆಗೆ ಹೋಗಲೇಬೇಕು. ವಿಂಟೇಜ್ ಕಾರಿನ ಮುಂಭಾಗವನ್ನು ಕೊರೆದು ಚೌಕಾಕಾರದ ಹೊಸ ದೀಪ ಕೂರಿಸುವ ಕೆಲಸವು ಮಾಲೀಕನ ಆಸ್ತಿಯ ಮೌಲ್ಯವನ್ನೇ ಇಳಿಸುತ್ತದೆ. ಮೂಲ ಬಟ್ಟಲು, ರಿಮ್, ಗಾಜುಗಳನ್ನು ಉಳಿಸಿಕೊಂಡು ಒಳಗಿನ ತಂತಿಯನ್ನಷ್ಟೇ ಸುಧಾರಿಸುವುದು ಉಚಿತ. ಬಿಚ್ಚಿದ ಮೂಲ ಭಾಗಗಳನ್ನು ಗ್ರಾಹಕನಿಗೆ ಕಟ್ಟಿಕೊಟ್ಟು ಸಹಿ ಪಡೆಯಬೇಕು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈನಲ್ಲಿ ಜಾರಿಗೆ ಬಂದು ಉತ್ಪನ್ನ ಹೊಣೆಗಾರಿಕೆಯನ್ನು ತಂದಿತು. ತಯಾರಕ, ಸೇವೆ ನೀಡಿದವ, ಮಾರಾಟಗಾರ ಮೂವರ ಹೊಣೆಯನ್ನೂ ಅದು ಬೇರೆ ಬೇರೆಯಾಗಿ ಹೇಳುತ್ತದೆ. ಮಾರಾಟಗಾರನು ತಾನೇ ವಸ್ತುವನ್ನು ಬದಲಾಯಿಸಿ, ಆ ಬದಲಾವಣೆಯೇ ಹಾನಿಗೆ ಮುಖ್ಯ ಕಾರಣವಾದರೆ, 'ನಾನು ತಯಾರಿಸಿದ್ದಲ್ಲ' ಎಂಬ ಸಮರ್ಥನೆ ನಿಲ್ಲದು. ತಯಾರಕನ ಭರವಸೆಯನ್ನು ಮೀರಿ 'ಏನೂ ಆಗುವುದಿಲ್ಲ, ಗ್ಯಾರಂಟಿ' ಎಂದು ತನ್ನದೇ ಭರವಸೆ ಬರೆದುಕೊಟ್ಟರೆ ಆ ಮಾತಿಗೂ ಹೊಣೆಯಾಗಬೇಕಾಗುತ್ತದೆ.

ತೆರಿಗೆಯ ಅಂಶಗಳು

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇಕಡ 18. ದುರಸ್ತಿ ಸೇವೆಗೂ ಅದೇ ದರ. ದರ ಒಂದೇ ಆದರೂ ಬಿಲ್ಲಿನಲ್ಲಿ ಸಾಮಗ್ರಿ ಮತ್ತು ಮಜೂರಿಯನ್ನು ಪ್ರತ್ಯೇಕವಾಗಿ ತೋರಿಸುವುದು ಲೇಸು. ಯಾವ ಭಾಗ ಹಾಕಲಾಯಿತು, ಅದರ ಮೇಲಿನ ಅನುಮೋದನೆಯ ಗುರುತು ಯಾವುದು ಎಂಬುದಕ್ಕೆ ಆ ಬಿಲ್ಲೇ ಮುಂದೆ ಸಾಕ್ಷಿಯಾಗುತ್ತದೆ.

ನೋಂದಣಿಯ ಮಿತಿಯಲ್ಲಿ ಹಲವರು ಎಡವುತ್ತಾರೆ. ಕರ್ನಾಟಕದಲ್ಲಿ ಕೇವಲ ಸರಕು ಮಾರುವವರಿಗೆ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂ. ಆದರೆ ಜೋಡಣೆ, ದುರಸ್ತಿಯ ಸೇವೆಯನ್ನೂ ನೀಡುವ ಅಂಗಡಿಗೆ ಮಿತಿ 20 ಲಕ್ಷ ರೂ. ಮಾತ್ರ. ಇದಕ್ಕಿಂತ ಸೂಕ್ಷ್ಮವಾದುದು ಗಡಿಯ ಪ್ರಶ್ನೆ. ಚಿಂತಾಮಣಿಗೆ ಮದನಪಲ್ಲಿಯೂ ಗೌರಿಬಿದನೂರಿಗೆ ಹಿಂದೂಪುರವೂ ಹತ್ತಿರ. ಅಲ್ಲಿನ ಗ್ರಾಹಕನು ವಾಹನವನ್ನು ಇಲ್ಲಿಗೇ ತಂದು ಕೆಲಸ ಮಾಡಿಸಿಕೊಂಡು ಹೋದರೆ ಒಂದು ಬಗೆ. ಅಂಗಡಿಯವರು ದೀಪದ ಜೋಡಿಯನ್ನು ಪಾರ್ಸೆಲಿನಲ್ಲಿ ಆಂಧ್ರಕ್ಕೆ ಕಳುಹಿಸಿದರೆ ಅದು ಅಂತರರಾಜ್ಯ ಸರಕು ಪೂರೈಕೆ. ಅದಕ್ಕೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಕಡ್ಡಾಯ. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಅಂತಹ ಪೂರೈಕೆಯನ್ನು ಮಾಡುವಂತೆಯೇ ಇಲ್ಲ.

ಸೂಕ್ಷ್ಮ ಮತ್ತು ಸಣ್ಣ ತಯಾರಿಕಾ ಘಟಕಗಳಿಂದ ಮಾಲು ಕೊಳ್ಳುವ ವರ್ತಕರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕು. 2024-25ರ ನಿರ್ಧಾರಣಾ ವರ್ಷದಿಂದ, ಈ ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಪರಿಗಣಿಸಲಾಗುತ್ತದೆ. ರಿಮ್, ಬ್ರಾಕೆಟ್ ತಯಾರಿಸಿ ಪೂರೈಸುವ ಸಣ್ಣ ಘಟಕಗಳಿಗೆ ಇದು ರಕ್ಷಣೆ, ಕೊಳ್ಳುವವರಿಗೆ ಎಚ್ಚರಿಕೆ.

ಬೆಲೆ ನಿಗದಿ: ಒಂದು ಮಾದರಿ ಲೆಕ್ಕ

ಹಳೆಯ ಜೀಪೊಂದಕ್ಕೆ ಏಳು ಅಂಗುಲದ ಎಚ್4 ದೀಪದ ಜೋಡಿಯನ್ನೂ ರಿಲೇ ತಂತಿಯನ್ನೂ ಅಳವಡಿಸುವ ಕೆಲಸವನ್ನು ಉದಾಹರಣೆಯಾಗಿ ಭಾವಿಸೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ತಮ್ಮ ಅಂಗಡಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ದೀಪದ ಜೋಡಿ, ಬಲ್ಬು ಸಹಿತ: 1,400 ರೂ.
ರಿಲೇ, ಫ್ಯೂಸ್, ತಂತಿ, ಹೋಲ್ಡರ್: 700 ರೂ.
ಮಜೂರಿ, 4 ಗಂಟೆ, ಗಂಟೆಗೆ 150 ರೂ.ನಂತೆ: 600 ರೂ.
ಬಾಡಿಗೆ, ವಿದ್ಯುತ್ತು, ಉಪಕರಣಗಳ ಸವಕಳಿಯ ಪಾಲು: 300 ರೂ.
ಮರುಕೆಲಸ ಹಾಗೂ ಗ್ಯಾರಂಟಿಗೆ ಮೀಸಲು: 150 ರೂ.
ಒಟ್ಟು ವೆಚ್ಚ: 3,150 ರೂ.

ಸಾಮಾನ್ಯವಾಗಿ ಅಂಗಡಿಯವರು ಸಾಮಗ್ರಿ ಮತ್ತು ಮಜೂರಿಯ 2,700 ರೂ.ಗಳನ್ನಷ್ಟೇ ನೋಡಿ, 3,000 ರೂ.ಗೆ ಒಪ್ಪಿಕೊಂಡು 300 ರೂ. ಲಾಭವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು 150 ರೂ. ನಷ್ಟ. ಬೆಲೆಯನ್ನು 3,700 ರೂ. ಎಂದು ನಿಗದಿಪಡಿಸಿದರೆ ಲಾಭ 550 ರೂ.; ಜಿಎಸ್‌ಟಿ 666 ರೂ. ಸೇರಿ ಗ್ರಾಹಕನು ಕೊಡುವುದು 4,366 ರೂ.

ಇಲ್ಲಿಗೂ ಲೆಕ್ಕ ಮುಗಿಯುವುದಿಲ್ಲ. ಎಲ್ಲ ಬಗೆಯ ದೀಪಗಳೂ ಕೈಯಲ್ಲಿರಲೆಂದು 2 ಲಕ್ಷ ರೂ. ದಾಸ್ತಾನು ಇಟ್ಟು, ಅದಕ್ಕೆ ಶೇಕಡ 12ರ ಬಡ್ಡಿ ತೆರುತ್ತಿದ್ದರೆ ವರ್ಷಕ್ಕೆ 24,000 ರೂ., ತಿಂಗಳಿಗೆ 2,000 ರೂ. ಖರ್ಚು. ತಿಂಗಳಿಗೆ ಹತ್ತು ಕೆಲಸ ಮಾತ್ರ ಬಂದರೆ ಪ್ರತಿ ಕೆಲಸದ ಮೇಲೆ 200 ರೂ. ಬಡ್ಡಿ ಬಿದ್ದು ಲಾಭ 350 ರೂ.ಗೆ ಇಳಿಯುತ್ತದೆ. ಹೆಚ್ಚು ಓಡುವ ಏಳು ಅಂಗುಲದ ಮಾಲನ್ನು ಮಾತ್ರ ಇಟ್ಟುಕೊಂಡು, ಅಪರೂಪದ ಮಾಲನ್ನು ಮುಂಗಡ ಪಡೆದು ತರಿಸಿದರೆ ದಾಸ್ತಾನನ್ನು ಅರ್ಧಕ್ಕೆ ಇಳಿಸಬಹುದು. ಲಾಭ ಪುನಃ 450 ರೂ.ಗೆ ಏರುತ್ತದೆ. ವರ್ಷಾಂತ್ಯದಲ್ಲಿ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ಮೌಲ್ಯೀಕರಿಸಬೇಕು. ಮಾರಲು ಯೋಗ್ಯವಲ್ಲದ ಬಲಸಂಚಾರದ ಗಾಜು, ಅನುಮೋದನೆಯ ಗುರುತಿಲ್ಲದ ಬಲ್ಬುಗಳನ್ನು ಕೊಂಡ ಬೆಲೆಗೇ ಪುಸ್ತಕದಲ್ಲಿ ಇಟ್ಟುಕೊಂಡಿದ್ದರೆ ತೋರುವ ಲಾಭ ಕಾಗದದ ಲಾಭ.

ಆಚರಣೆಗೆ ಕೆಲವು ಸೂತ್ರಗಳು

1. ಪ್ರತಿ ವಾಹನಕ್ಕೂ ಕೆಲಸದ ಚೀಟಿ ಬರೆಯಬೇಕು: ನೋಂದಣಿ ಸಂಖ್ಯೆ, ವೋಲ್ಟೇಜು, ಮೊದಲಿದ್ದ ಬಲ್ಬು, ಹಾಕಿದ ಬಲ್ಬು, ಕೋನ ಪರೀಕ್ಷೆಯ ಫಲಿತಾಂಶ.
2. ಬಲ್ಬಿನ ಮಾರಾಟಕ್ಕೆ ಮುನ್ನ ತಂತಿ ಮತ್ತು ಅರ್ಥಿಂಗ್ ಪರೀಕ್ಷೆ ನಡೆಸಬೇಕು.
3. ಅನುಮೋದನೆಯ ಗುರುತಿರುವ ದೀಪವನ್ನೇ ಕೊಳ್ಳಬೇಕು. ಪೂರೈಕೆದಾರರ ಬಿಲ್ಲನ್ನು ಕಾಪಾಡಿಕೊಳ್ಳಬೇಕು.
4. ನಿಯಮಬಾಹಿರ ಬೇಡಿಕೆಯನ್ನು ನಿರಾಕರಿಸಬೇಕು. ಗ್ರಾಹಕನು 'ನನ್ನ ಜವಾಬ್ದಾರಿ' ಎಂದು ಬರೆದುಕೊಟ್ಟರೂ ಎದುರಿನಿಂದ ಬರುವ ಮೂರನೆಯ ವ್ಯಕ್ತಿಯನ್ನು ಆ ಚೀಟಿ ಕಟ್ಟಿಹಾಕುವುದಿಲ್ಲ.
5. ಕೆಲಸದ ಬಗ್ಗೆ ವಿಮಾ ಕಂಪನಿಗೆ ತಿಳಿಸುವಂತೆ ಗ್ರಾಹಕನಿಗೆ ಬಿಲ್ಲಿನಲ್ಲಿಯೇ ಸೂಚಿಸಬೇಕು.

ನಾಲ್ಕನೆಯ ಸೂತ್ರವು ವ್ಯಾಪಾರಕ್ಕೆ ಕಷ್ಟವೆನಿಸಬಹುದು. ಒಬ್ಬರು ನಿರಾಕರಿಸಿದ ಕೆಲಸವನ್ನು ಪಕ್ಕದ ಅಂಗಡಿಯವರು ಮಾಡಿಕೊಡುತ್ತಾರೆ ಎಂಬ ಆಕ್ಷೇಪವೂ ಉಂಟು. ಆದರೆ ತಂತಿ ಸರಿಪಡಿಸಿ, ಕೋನ ಹೊಂದಿಸಿ, ಅದೇ ಬಲ್ಬಿನಲ್ಲಿ ಹೆಚ್ಚು ಬೆಳಕು ತೋರಿಸಿದ ಅಂಗಡಿಗೆ ಲಾರಿ ಮಾಲೀಕನು ತನ್ನ ಉಳಿದ ವಾಹನಗಳನ್ನೂ ತರುತ್ತಾನೆ. ಸಂಘದ ಸದಸ್ಯರು ಒಗ್ಗೂಡಿ ಇಂತಹ ಕೆಲಸಕ್ಕೆ ಒಂದೇ ನಮೂನೆಯ ಚೀಟಿಯನ್ನೂ ಒಂದೇ ಬಗೆಯ ಪರೀಕ್ಷೆಯನ್ನೂ ರೂಢಿಗೆ ತಂದರೆ ಪಕ್ಕದ ಅಂಗಡಿಯ ಪ್ರಶ್ನೆಯೂ ತಾನಾಗಿ ಪರಿಹಾರವಾಗುತ್ತದೆ.